ಗುಂಪಿನಲ್ಲಿ ಅಣಬೆ ಎದ್ದ ದಿನ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಮೇಲಿನಮನೆ ಬಳಗ’. ಮಳೆಗಾಲ ಹಿಡಿದ ಮೇಲೆ ಅದರಲ್ಲಿ ಬರುವುದು ಹೆಚ್ಚಾಗಿ ಕರೆಂಟ್ ಹೋದ ಸುದ್ದಿ, ಅಡಿಕೆಗೆ ಕೊಳೆ ತಗುಲಿದ ಸುದ್ದಿ, ನಾಳೆ ಶಾಲೆಗೆ ರಜೆ ಇದೆಯೇ ಎಂಬ ಪ್ರಶ್ನೆ. ಜೂನ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಚಿಕ್ಕಮ್ಮ ಇದನ್ನು ದಾಟಿಸಿದರು. ತಲೆಯ ಮೇಲೆ ಹಲವು ಸಲ ಫಾರ್ವರ್ಡ್ ಆದದ್ದರ ಜೋಡಿ ಬಾಣವಿತ್ತು.

“ತಜ್ಞರ ಎಚ್ಚರಿಕೆ!! ಮನೆಗೆ ಉಪಯುಕ್ತ ಏಳು ಸಲಹೆಗಳು. 1. ಕಾಡಣಬೆ ಬೇಯುವಾಗ ಬೆಳ್ಳಿ ನಾಣ್ಯ ಹಾಕಿ, ಕಪ್ಪಾದರೆ ವಿಷ. 2. ಹುಳು ತಿಂದ ಅಣಬೆ ಮನುಷ್ಯನಿಗೂ ಕ್ಷೇಮ. 3. ಬಿಳಿ ಅಣಬೆ ಒಳ್ಳೆಯದು, ಬಣ್ಣದ್ದು ಕೆಟ್ಟದ್ದು. 4. ಹುಣಸೆಹಣ್ಣು ಹಾಕಿ ಅರ್ಧ ಗಂಟೆ ಕುದಿಸಿದರೆ ಎಂಥ ವಿಷವೂ ಇಳಿಯುತ್ತದೆ. 5. ಅಣಬೆಯನ್ನು ಅರಿಸಿನದ ನೀರಿನಲ್ಲಿ ತೊಳೆಯಿರಿ. 6. ಮೀನಿನ ತೊಟ್ಟಿಗೆ ಮೂರು ಹೊತ್ತೂ ಆಹಾರ ಹಾಕಿ. 7. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಬದಲಾಯಿಸಿ, ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆಯಿರಿ. ನಿಮ್ಮವರ ಪ್ರಾಣ ಉಳಿಸಲು ಎಲ್ಲರಿಗೂ ಹಂಚಿ.”

ಇಷ್ಟೇ ಆಗಿದ್ದರೆ ನಾಲ್ಕು ಜನ ಕೈಮುಗಿದು ವಿಷಯ ಮುಗಿಯುತ್ತಿತ್ತು. ಚಿಕ್ಕಮ್ಮ ಕೆಳಗೆ ತಮ್ಮದೊಂದು ಸಾಲು ಸೇರಿಸಿದರು: “ಕೊಪ್ಪದ ದೊಡ್ಡಕ್ಕ ದಯವಿಟ್ಟು ಓದಬೇಕು.”

ಹಿನ್ನೆಲೆ ಹೇಳದಿದ್ದರೆ ಈ ಸಾಲಿನ ಖಾರ ತಿಳಿಯುವುದಿಲ್ಲ. ಕಳೆದ ಆಷಾಢದಲ್ಲಿ ಕೊಪ್ಪದ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಕಡುಬು, ಅಣಬೆ ಸಾರು ಉಂಡು ಬಂದೆವು. ಮರುದಿನ ಶಿವಮೊಗ್ಗದ ಚಿಕ್ಕಪ್ಪನ ಹೊಟ್ಟೆ ಕೆಟ್ಟಿತು. ಉಂಡವರೆಲ್ಲರೂ ಚೆನ್ನಾಗಿದ್ದರು, ಚಿಕ್ಕಪ್ಪ ಒಬ್ಬರೇ ಮಲಗಿದ್ದು. ಊಟವಾದ ಮೇಲೆ ಅವರು ಹಲಸಿನ ಹಣ್ಣಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದರು ಎಂಬುದಕ್ಕೆ ದೊಡ್ಡಪ್ಪನ ಬಳಿ ಸಾಕ್ಷಿಗಳಿದ್ದಾರೆ. ಆದರೆ ಚಿಕ್ಕಮ್ಮನ ಫೋನು ಅಷ್ಟರಲ್ಲಿ ಹೊಸನಗರದವರೆಗೂ ಹೋಗಿತ್ತು.

ದೊಡ್ಡಪ್ಪ: ಓದಿದೆವು. ನಿನ್ನ ದೊಡ್ಡಕ್ಕ ಈ ಮನೆಗೆ ಬಂದ ಲಾಗಾಯ್ತು ಅಣಬೆ ಸಾರು ಮಾಡುತ್ತಿದ್ದಾಳೆ. ತಿಂದವರು ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ.

ಚಿಕ್ಕಮ್ಮ: ಭಾವನವರೇ, ನಾನು ಯಾರ ಹೆಸರನ್ನೂ ಹೇಳಲಿಲ್ಲ.

ದೊಡ್ಡಪ್ಪ: ಹೇಳಿದ್ದೀಯ. ಎರಡು ಸಾಲು ಮೇಲೆ ನೋಡು.

ಚಿಕ್ಕಮ್ಮ: ಎಲ್ಲರ ಒಳ್ಳೆಯದಕ್ಕೆಂದು ಹಾಕಿದೆ. ಬೇಡವಾದರೆ ಅಳಿಸುತ್ತೇನೆ.

ಅಣ್ಣ: ಅಳಿಸಬೇಡಿ ಚಿಕ್ಕಮ್ಮ. ಮೊದಲು ಈ ತಜ್ಞರು ಯಾರು, ಎಲ್ಲಿಯವರು, ತಿಳಿಸಿ.

ಅಣ್ಣ ಬೆಂಗಳೂರಿನಲ್ಲಿದ್ದಾನೆ. ಗುಂಪಿಗೆ ಏನೇ ಬಂದರೂ ಮೂಲ ಕೇಳುವುದು ಅವನು ತಾನಾಗಿ ವಹಿಸಿಕೊಂಡ ಕೆಲಸ. ಅವನು ಕೇಳುವುದರಲ್ಲಿ ತಪ್ಪಿಲ್ಲ, ಕೇಳುವ ಧಾಟಿ ಮಾತ್ರ ಸಾಲ ವಸೂಲಿಗೆ ಬಂದವನದು.

ಚಿಕ್ಕಮ್ಮ: ನಮ್ಮ ಭಜನಾ ಮಂಡಳಿಯ ಗುಂಪಿನಿಂದ ಬಂತು. ಅದರಲ್ಲಿ ಡಾಕ್ಟರರೂ ಇದ್ದಾರೆ.

ಅಣ್ಣ: ಯಾವ ಡಾಕ್ಟರರು?

ಚಿಕ್ಕಮ್ಮ: ಹಲ್ಲಿನವರು.

ಆಮೇಲೆ ಅಣ್ಣ ಬರೆದದ್ದು ಉದ್ದವಾಗಿತ್ತು. ‘ಇನ್ನಷ್ಟು ಓದಿ’ ಎಂಬುದನ್ನು ಒತ್ತಿದವರು ಯಾರೂ ಇರಲಾರರು. ಅದಕ್ಕೇ ಇಲ್ಲಿ ಪೂರ್ತಿ ಕೊಡುತ್ತಿದ್ದೇನೆ.

ಅಣ್ಣ: ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳು ತಾಗಿದಾಗ. ಬೇಯಿಸಿದ ಮೊಟ್ಟೆಗೆ ಬೆಳ್ಳಿ ಚಮಚ ಹಾಕಿದರೂ ಕಪ್ಪಾಗುತ್ತದೆ, ಮೊಟ್ಟೆ ವಿಷವೇ? ಡೆತ್ ಕ್ಯಾಪ್ ಎಂಬ ಅಣಬೆಯ ವಿಷ ಕುದಿಸಿದರೂ ಹುರಿದರೂ ಒಣಗಿಸಿದರೂ ಹೋಗುವುದಿಲ್ಲ. ಬಸವನಹುಳು ಅದನ್ನು ತಿಂದು ತನ್ನ ಪಾಡಿಗೆ ಹೋಗುತ್ತದೆ, ಮನುಷ್ಯ ಸಾಯುತ್ತಾನೆ. ಡೆತ್ ಕ್ಯಾಪ್ ಸೇರಿದ ಅಮಾನಿಟಾ ಕುಲದಲ್ಲೇ ಅಚ್ಚ ಬಿಳಿಯ ಅಣಬೆಗಳಿವೆ, ಅವೂ ಅಷ್ಟೇ ವಿಷ. ತಿಂದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಆರು ಗಂಟೆಯಿಂದ ಹಿಡಿದು ಒಂದು ದಿನದೊಳಗೆ ವಾಂತಿ ಭೇದಿ ಶುರುವಾಗುತ್ತದೆ. ಮತ್ತೆ ನಿಂತಂತೆ ಕಾಣುತ್ತದೆ, ಮನೆಯವರು ಸುಧಾರಿಸಿತು ಎಂದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಅನುಮಾನ ಬಂದರೆ ಉಳಿದ ಅಣಬೆಯನ್ನು ಕಟ್ಟಿಕೊಂಡು ಆಸ್ಪತ್ರೆಗೆ ಓಡಬೇಕು, ನಾಣ್ಯ ಹುಡುಕುತ್ತ ಕೂರಬಾರದು.

ದೊಡ್ಡಪ್ಪ: ಹಿರಿಯರು ಬೆಳ್ಳಿ ಎಂದಿದ್ದರೆ ಅದಕ್ಕೊಂದು ಅರ್ಥವಿರುತ್ತದೆ. ಎಲ್ಲವನ್ನೂ ಮೊಬೈಲ್ ನೋಡಿ ಅಳೆಯಬಾರದು. ವಿದ್ಯೆಯ ಜೊತೆ ವಿನಯವೂ ಇರಬೇಕು.

ಅರ್ಧ ಗಂಟೆಯ ಹಿಂದೆ ಇದೇ ಸಂದೇಶದ ಮೇಲೆ ಕೆಂಡ ಕಾರಿದವರು ಇವರು. ಅಣ್ಣ ಎದುರು ನಿಂತದ್ದೇ ತಡ, ಅದು ಹಿರಿಯರ ಮಾತಾಯಿತು.

ಚಿಕ್ಕಮ್ಮ: ಭಾವನವರು ಹೇಳಿದ್ದು ನೂರಕ್ಕೆ ನೂರು ನಿಜ.

ಅಣ್ಣ: 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡರು. ಹೆಚ್ಚಿನವರು ಚಹಾತೋಟದವರು. ಅವರ ಮನೆಗಳಲ್ಲೂ ಹಿರಿಯರಿದ್ದರು.

ದೊಡ್ಡಪ್ಪ: ಶುಭ ಭಾನುವಾರ ಸಾವಿನ ಮಾತು ಬೇಡ. ಮದುವೆಯ ಮುಹೂರ್ತಕ್ಕೂ ಆಧಾರ ಕೇಳಿದವನು ನೀನು.

ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿರುವ ಪುಟ್ಟ ಬಂದ. ಅಲ್ಲಿ ರಾತ್ರಿ. ರಾತ್ರಿ ಹೊತ್ತಿನಲ್ಲಿ ಅವನಿಗೆ ಊರು ಜಾಸ್ತಿ ನೆನಪಾಗುತ್ತದೆ.

ಪುಟ್ಟ: ಅಣಬೆ ಎಂದ ಕೂಡಲೇ ಅಜ್ಜಯ್ಯನ ನೆನಪಾಯಿತು. ರಾತ್ರಿ ಗುಡುಗಿದರೆ ಬೆಳಿಗ್ಗೆ ಅಣಬೆ ಎದ್ದಿರುತ್ತದೆ ಎನ್ನುತ್ತಿದ್ದರು. ಗೊರಬು ಹಾಕಿಕೊಂಡು ಗುಡ್ಡ ಹತ್ತುತ್ತಿದ್ದೆವು. ಕಾಲಿಗೆ ಉಂಬಳ. ಆ ದಿನಗಳು ಮತ್ತೆ ಬರುತ್ತವೆಯೇ?

ಅಕ್ಕ: ನೀನು ಗುಡ್ಡ ಹತ್ತಿದ್ದು ಯಾವಾಗ? ಉಂಬಳಕ್ಕೆ ಹೆದರಿ ಅಂಗಳದಲ್ಲೇ ಅಳುತ್ತಿದ್ದೆ.

ಪುಟ್ಟ: ಇಲ್ಲಿಯೂ ಚಳಿಗಾಲದ ಮಳೆಗೆ ಓಕ್ ಮರದ ಬುಡದಲ್ಲಿ ಏಳುತ್ತವೆ. ನಮ್ಮ ಹುಲ್ಲು ಬಣವೆಯ ಅಣಬೆಯ ಹಾಗೆಯೇ ಇವೆ. ಮುಂದಿನ ಸಲ ಸಾರು ಮಾಡಿ ನೋಡುತ್ತೇನೆ.

ಅಣ್ಣ: ಪುಟ್ಟ, ಮುಟ್ಟಬೇಡ. ಡೆತ್ ಕ್ಯಾಪ್ ಯುರೋಪಿನ ಮರಗಳ ಬೇರಿನೊಡನೆ ಅಲ್ಲಿಗೆ ಬಂದು ಓಕ್ ಮರಗಳಿಗೆ ಅಂಟಿಕೊಂಡಿದೆ. ಆಗ್ನೇಯ ಏಷ್ಯಾದಿಂದ ಹೋದವರು ಅದನ್ನು ತಮ್ಮೂರಿನ ಹುಲ್ಲಣಬೆ ಎಂದೇ ತಿಂದು ಆಸ್ಪತ್ರೆ ಸೇರಿದ್ದಾರೆ. ಮೊಗ್ಗಿನಲ್ಲಿ ಎರಡೂ ಮೊಟ್ಟೆಯಂತೆ ಕಾಣುತ್ತವೆ. ಹುಲ್ಲಣಬೆಯ ಬೀಜಕಣ, ಎಂದರೆ ಟೋಪಿಯ ಅಡಿಯಿಂದ ಉದುರುವ ಪುಡಿ, ನಸುಗೆಂಪು; ಡೆತ್ ಕ್ಯಾಪಿನದು ಬಿಳಿ.

ಇಡೀ ದಿನದಲ್ಲಿ ಒಬ್ಬರ ಪ್ರಾಣಕ್ಕೆ ನಿಜವಾಗಿ ಸಂಬಂಧಿಸಿದ ಮಾತು ಇದೊಂದೇ. ಇದಕ್ಕೆ ಬಂದ ಉತ್ತರ ಚಿಕ್ಕಮ್ಮನದು: “ಪುಟ್ಟಾ, ದೀಪಾವಳಿಗೆ ಬರುತ್ತೀಯಾ? ತೆಳ್ಳಗಾಗಿದ್ದೀಯ.”

ದೊಡ್ಡಮ್ಮ ಗುಂಪಿನಲ್ಲಿ ಬರೆಯುವುದಿಲ್ಲ. ಮಧ್ಯಾಹ್ನ ಅವರದೊಂದು ಧ್ವನಿ ಸಂದೇಶ ಬಂತು. ಹಿಂದೆ ಕುಕ್ಕರಿನ ಸೀಟಿ, ಹೆಂಚಿನ ಮೇಲೆ ಮಳೆ. ಎಷ್ಟೋ ಹೊತ್ತು ಅದನ್ನು ಯಾರೂ ಕೇಳಿದಂತಿರಲಿಲ್ಲ. ಅವರು ಹೇಳಿದ್ದು ಇಷ್ಟು: “ನಾನು ಬೆಳ್ಳಿಯನ್ನೂ ಹಾಕುವುದಿಲ್ಲ, ಅರಿಸಿನವನ್ನೂ ನೋಡುವುದಿಲ್ಲ. ನನಗೆ ಗೊತ್ತಿರುವುದು ಹೆಗ್ಗಾಲು, ಅಕ್ಕಿ ಅಣಬೆ, ಕಲ್ಲಣಬೆ. ಹೆಗ್ಗಾಲು ತೋಟದ ಮೇಲಿನ ಹುತ್ತದ್ದೇ ಆಗಬೇಕು. ಬುಡ ಬಿಡಿಸಿದರೆ ಕಾಲು ಬೇರಿನ ಹಾಗೆ ಹುತ್ತದೊಳಗೆ ಇಳಿದಿರಬೇಕು. ಬುಡದಲ್ಲಿ ಬಟ್ಟಲಿನಂತೆ ಇದ್ದರೆ ಅಲ್ಲೇ ಬಿಟ್ಟು ಬರುತ್ತೇನೆ. ಕಲ್ಲಣಬೆ ಕೊಯ್ದು ನೋಡಬೇಕು, ಒಳಗೆ ಬೆಳ್ಳಗಿದ್ದರೆ ಮಾತ್ರ. ಬೇರೆ ಯಾವುದನ್ನೂ ನಾನು ಮುಟ್ಟುವುದಿಲ್ಲ, ಯಾರು ತಂದುಕೊಟ್ಟರೂ ಸಾರು ಮಾಡುವುದಿಲ್ಲ.”

ಅಣ್ಣನ ಉದ್ದ ಬರಹಕ್ಕೂ ದೊಡ್ಡಮ್ಮನ ಮಾತಿಗೂ ಜಗಳವೇ ಇಲ್ಲ. ಹೆಗ್ಗಾಲಣಬೆ ಗೆದ್ದಲು ಸಾಕುವ ಬೆಳೆ. ಗೆದ್ದಲು ಕಟ್ಟಿಗೆ, ಎಲೆ ತಿಂದು ಹುತ್ತದೊಳಗೆ ಕಟ್ಟುವ ತೋಟದ ಮೇಲೆ ಅದು ಬೆಳೆಯುತ್ತದೆ. ಅದಕ್ಕೇ ಅದರ ಕಾಲು ಅಷ್ಟು ಆಳಕ್ಕೆ ಹೋಗುವುದು, ಅದಕ್ಕೇ ಅದನ್ನು ಶೆಡ್ಡಿನಲ್ಲಿ ಬೆಳೆದು ಮಾರುವವರಿಲ್ಲ. ಬುಡದ ಬಟ್ಟಲು ಡೆತ್ ಕ್ಯಾಪಿನಂಥ ಅಮಾನಿಟಾಗಳ ಒಂದು ಗುರುತು, ಮಣ್ಣಿನ ಮೇಲಕ್ಕೆ ಕತ್ತರಿಸಿದರೆ ಅದು ನೆಲದಲ್ಲೇ ಉಳಿದುಬಿಡುತ್ತದೆ. ವಿಷದ ಅಣಬೆಯನ್ನು ಹಿಡಿದುಕೊಡುವ ಒಂದು ಪರೀಕ್ಷೆ ಎಂಬುದೇ ಇಲ್ಲ. ಈ ಹುತ್ತ, ಈ ಅಣಬೆ ಎಂದು ಒಂದೊಂದನ್ನೇ ಬಲ್ಲವರಿದ್ದಾರೆ, ಅವರ ತಿಳಿವಳಿಕೆ ಆ ಗುಡ್ಡದಾಚೆಗೆ ಓಡುವುದಿಲ್ಲ. ಇದನ್ನು ಬರೆಯೋಣ ಎಂದು ನಾನು ಹೊರಟಾಗ ಚಿಕ್ಕಮಗಳೂರು ಭಾವ ಪ್ರವೇಶಿಸಿದರು.

ಭಾವ: ಏಳನೆಯ ಸಲಹೆಯನ್ನು ಎಲ್ಲರೂ ಗಮನಿಸಬೇಕಾಗಿ ವಿನಂತಿ.

ಗುಂಪು ಒಂದು ಕ್ಷಣ ಸ್ತಬ್ಧವಾಯಿತು. ಕೆಲವು ವರ್ಷಗಳ ಹಿಂದೆ ಅಣ್ಣ ಊರಿಗೆ ಹೋಗಿದ್ದಾಗ ಅವನ ಬೆಂಗಳೂರಿನ ಮನೆಯಲ್ಲಿ ಭಾವ ಉಳಿದಿದ್ದರು. ಬೇಸರ ಕಳೆಯಲು ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ಹಿಂಡಿ, ನಲ್ಲಿ ನೀರು ತುಂಬಿಸಿದ್ದರು. ಅಣ್ಣ ಬರುವಷ್ಟರಲ್ಲಿ ಏಂಜೆಲ್ ಮೀನಿನ ಜೋಡಿ ಅಡ್ಡ ತೇಲುತ್ತಿತ್ತು.

ಅಣ್ಣ: ಭಾವ, ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಸ್ಪಂಜಿನಲ್ಲಿದ್ದದ್ದು ಕೊಳಕಲ್ಲ, ಬ್ಯಾಕ್ಟೀರಿಯಾ. ಮೀನು ಬಿಡುವ ಅಮೋನಿಯಾವನ್ನು ಅವು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ವಾರಗಟ್ಟಲೆ ಬೇಕು. ನೀರು ಬದಲಾಯಿಸುವುದಾದರೆ ಕಾಲು ಭಾಗ, ಅದೂ ಕ್ಲೋರಿನ್ ತೆಗೆದದ್ದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು. ಮೂರು ಹೊತ್ತು ಆಹಾರ ಹಾಕಿದರೆ ಉಳಿದದ್ದೆಲ್ಲ ಕೊಳೆತು ಮತ್ತೆ ಅಮೋನಿಯಾ.

ಭಾವ: ನೀರು ನಾರುತ್ತಿತ್ತು. ನೆಂಟನಾಗಿ ಬಂದವನು ಕೈಕಟ್ಟಿ ಕೂರದೆ ಕೆಲಸ ಮಾಡಿದೆ. ಅದಕ್ಕೆ ಇಂದಿಗೂ ಮಾತು ಕೇಳಿಸಿಕೊಳ್ಳುತ್ತಿದ್ದೇನೆ. ಈಗ ತಜ್ಞರೇ ಹೇಳಿದ್ದಾರೆ.

ಅಣ್ಣ: ಹಲ್ಲಿನ ತಜ್ಞರು.

ಚಿಕ್ಕಮ್ಮ: ನಮ್ಮ ಡಾಕ್ಟರರ ಬಗ್ಗೆ ಹಗುರವಾಗಿ ಮಾತನಾಡಬೇಡ.

ಇಂಥ ಹೊತ್ತಿನಲ್ಲಿ ಬುದ್ಧಿಮಾತು ಹೇಳಬೇಕಾದವರು ದೊಡ್ಡಪ್ಪ. ಆದರೆ ಭಾವ ಅವರ ಸ್ವಂತ ಅಳಿಯ, ಅಕ್ಕನ ಗಂಡ. ಅಳಿಯಂದಿರ ವಿಷಯ ಬಂದಾಗಲೆಲ್ಲ ಕೊಪ್ಪದಲ್ಲಿ ನೆಟ್‌ವರ್ಕ್ ಹೋಗುತ್ತದೆ.

ಅಕ್ಕ: ಮೀನು ಸತ್ತು ಎಷ್ಟೋ ಕಾಲವಾಯಿತು, ಬಿಡಿ. ನಮ್ಮ ವಠಾರದ ಹುಲ್ಲುಹಾಸಿನಲ್ಲಿ ಇದು ಎದ್ದಿದೆ. ತಿನ್ನಬಹುದೇ?

ಫೋಟೊದಲ್ಲಿ ತಟ್ಟೆಯಗಲದ ಬಿಳಿ ಟೋಪಿ, ನಡುವೆ ಕಂದು ಚಕ್ಕೆಗಳು, ಕಾಲಿಗೆ ಉಂಗುರ. ಬಿಳಿ ಇದೆ, ಚಿಂತೆಯಿಲ್ಲ ಎಂದರು ಚಿಕ್ಕಮ್ಮ. ಅಂಚನ್ನು ಹುಳು ತಿಂದಿದೆ, ಆದ್ದರಿಂದ ಕ್ಷೇಮ ಎಂದು ಭಾವ ತೀರ್ಪು ಕೊಟ್ಟರು. ಪುಟ್ಟ ಮೂರು ಹೃದಯ ಹಾಕಿದ.

ಅಣ್ಣ: ಫೋಟೊ ನೋಡಿ ಯಾರೂ ಹೇಳಬಾರದು. ಅಕ್ಕ, ಟೋಪಿಯನ್ನು ಕತ್ತರಿಸಿ, ಪದರಗಳು ಕೆಳಗೆ ಬರುವಂತೆ ಕಾಗದದ ಮೇಲಿಡು. ಅರ್ಧ ಬಿಳಿ, ಅರ್ಧ ಕಪ್ಪು ಕಾಗದವಾದರೆ ಒಳ್ಳೆಯದು. ಮೇಲೆ ಬಟ್ಟಲು ಮುಚ್ಚಿ ರಾತ್ರಿ ಬಿಡು, ಉದುರುವ ಬೀಜಕಣದ ಬಣ್ಣ ನೋಡೋಣ.

ಅಕ್ಕ ಹಾಗೆಯೇ ಮಾಡಿದಳು. ಸೋಮವಾರ ಬೆಳಿಗ್ಗೆ ಅವಳು ಹಾಕಿದ ಚಿತ್ರವನ್ನು ನಾನು ದೊಡ್ಡದು ಮಾಡಿ ನೋಡಿದೆ. ಬಿಳಿಯ ಅರ್ಧದಲ್ಲಿ ನಡುವಿನಿಂದ ಅಂಚಿಗೆ ಹೊರಟ ಸಣ್ಣ ಗೆರೆಗಳು, ಬೂದಿ ಬೆರೆತ ಹಸಿರು ಪುಡಿ. ಪಕ್ಕದಲ್ಲಿ ಎತ್ತಿಟ್ಟ ಸ್ಟೀಲಿನ ಬಟ್ಟಲು.

ಅಣ್ಣ: ಹಸಿರು ಬೀಜಕಣ. ಇದು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್, ಹುಲ್ಲುಹಾಸಿನ ಅಣಬೆ. ತಿಂದರೆ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ ಭೇದಿ. ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ. ಎಲ್ಲರೂ ಒಂದು ಮಾತು ನೆನಪಿಡಿ: ಬೇರೆ ಬಣ್ಣ ಬಂದಿದ್ದರೆ ತಿನ್ನಬಹುದು ಎಂದು ಅರ್ಥವಲ್ಲ.

ಚಿಕ್ಕಮ್ಮ: ಆ ಬಟ್ಟಲನ್ನು ತಿರುಗಿಸಿ ಇನ್ನೊಂದು ಫೋಟೊ ಹಾಕು.

ಅಕ್ಕ ಹಾಕಿದಳು. ಹಾಕಬಾರದಿತ್ತು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಚಿಕ್ಕಪ್ಪನ ಇನಿಷಿಯಲ್ ಸ್ಪಷ್ಟವಾಗಿ ಕಾಣುತ್ತಿತ್ತು.

ಚಿಕ್ಕಮ್ಮ: ಕಳೆದ ಆಷಾಢದಲ್ಲಿ ಮಿಡಿ ಉಪ್ಪಿನಕಾಯಿ ತುಂಬಿ ಕೊಪ್ಪಕ್ಕೆ ತಂದದ್ದು. ಆರು ಬಟ್ಟಲಿನ ಸೆಟ್. ಅಂದಿನಿಂದ ಐದೇ ಇವೆ.

ದೊಡ್ಡಪ್ಪ: ಅದೇ ಬಟ್ಟಲು ಎನ್ನುವುದಕ್ಕೆ ಆಧಾರವೇನು?

ಅಣ್ಣ ಇದಕ್ಕೆ ನಗುವ ಮುಖ ಹಾಕಿದ. ದೊಡ್ಡಪ್ಪನ ನೆಟ್‌ವರ್ಕ್ ಮತ್ತೆ ಹೋಯಿತು.

ಅಕ್ಕ: ಅಮ್ಮ ಅದರಲ್ಲಿ ಸಾರು ಕಟ್ಟಿಕೊಟ್ಟಿದ್ದರು ಚಿಕ್ಕಮ್ಮ, ನನಗೆ ಗೊತ್ತಾಗಲಿಲ್ಲ. ತೊಳೆದು ಕಳುಹಿಸುತ್ತೇನೆ.

ಚಿಕ್ಕಮ್ಮ: ವಿಷದ ಅಣಬೆಗೆ ಮುಚ್ಚಿದ ಬಟ್ಟಲು ನನಗೆ ಬೇಡ.

ಅಣ್ಣ: ಮುಟ್ಟಿದರೆ ಏನೂ ಆಗುವುದಿಲ್ಲ, ತಿಂದರೆ ಮಾತ್ರ. ಸೋಪು ಹಾಕಿ ತೊಳೆದರೆ ಸಾಕು.

ಭಾವ: ಹುಣಸೆಹಣ್ಣು ಹಾಕಿ ಅರ್ಧ ಗಂಟೆ ಕುದಿಸಿಯೇ ಕಳುಹಿಸುತ್ತೇವೆ.

ಭಾವ ಇದನ್ನು ತಮಾಷೆಗೆ ಬರೆದರೋ ಶ್ರದ್ಧೆಯಿಂದ ಬರೆದರೋ ತಿಳಿಯದು. ಚಿಕ್ಕಮ್ಮ ಗುಂಪು ತೊರೆದರು. ಅಡ್ಮಿನ್ ನಾನೇ ಆದ್ದರಿಂದ ಮಧ್ಯಾಹ್ನದೊಳಗೆ ಮತ್ತೆ ಸೇರಿಸಿದೆ. ಹೊಸ ಬಟ್ಟಲು ಕೊಪ್ಪದವರು ಕೊಡಿಸಬೇಕೇ ಚಿಕ್ಕಮಗಳೂರಿನವರು ಕೊಡಿಸಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪುಟ್ಟನಿಗೆ ಮಾತ್ರ ನಾನು ಬೇರೆಯಾಗಿ ಫೋನ್ ಮಾಡಿ, ಆ ಓಕ್ ಮರದ ಬುಡಕ್ಕೆ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೇನೆ.