ಪದಚರ್ಚೆ: ಫೋಲ್ಡರ್ ‘ಕಾಣೆಯಾಗಿದೆ’ಯೋ, ‘ಇಲ್ಲ’ವೋ?

ಗೆಳೆಯರೇ, ನಮಸ್ಕಾರ.

ಲಿನಕ್ಸ್‌ನಲ್ಲಿ ಟಿಪ್ಪಣಿ ಬರೆದುಕೊಳ್ಳುವ ಒಂದು ಪುಟ್ಟ ಪ್ರೋಗ್ರಾಮಿನ ಕನ್ನಡ ಸಂದೇಶಗಳನ್ನು ತಿದ್ದುತ್ತಿದ್ದೇನೆ. ಹೊಸ ಕಂಪ್ಯೂಟರಿನಲ್ಲಿ ಮೊದಲ ಸಲ ಅದನ್ನು ತೆರೆದು, ಅಕ್ಷರದ ಗಾತ್ರ ಬದಲಿಸಿ, ಸೇವ್ ಒತ್ತಿದರೆ ಈಗ ಹೀಗೆ ಬರುತ್ತದೆ:

“ಸೆಟ್ಟಿಂಗ್ಸ್ ಉಳಿಸಲಾಗಿಲ್ಲ. ಕಡತ ಅಥವಾ ಕಡತಕೋಶ ಕಾಣೆಯಾಗಿದೆ.” (ಇಲ್ಲಿ ಕಡತ ಎಂದರೆ ಫೈಲು, ಕಡತಕೋಶ ಎಂದರೆ ಫೋಲ್ಡರ್.)

ಓದಿದವರಿಗೆ ತಮ್ಮದೇನೋ ಕಳೆದುಹೋಯಿತು ಅನ್ನಿಸುತ್ತದೆ, ಅಲ್ವಾ? ಕಳೆದದ್ದು ಏನೂ ಇಲ್ಲ. ಸೆಟ್ಟಿಂಗ್ಸ್ ಫೈಲು ‘ಡಾಟ್ ಕಾನ್ಫಿಗ್’ (ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳ ಸೆಟ್ಟಿಂಗ್ಸ್ ಇಡುವ ಫೋಲ್ಡರ್) ಒಳಗೆ, ಪ್ರೋಗ್ರಾಮಿನ ಹೆಸರಿನದೇ ಒಂದು ಫೋಲ್ಡರಿನಲ್ಲಿ ಇರಬೇಕು. ಬರೆಯಲೆಂದು ತೆರೆದಾಗ ಫೈಲು ಇಲ್ಲದಿದ್ದರೆ ಸಿಸ್ಟಂ ತಾನೇ ಹೊಸದನ್ನು ಮಾಡಿಕೊಡುತ್ತದೆ. ಫೋಲ್ಡರನ್ನು ಮಾತ್ರ ಮಾಡಿಕೊಡುವುದಿಲ್ಲ. 2ನೇ ನಂಬರಿನ ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಫೈಲು ಇಲ್ಲದಿದ್ದರೂ ಫೋಲ್ಡರ್ ಇಲ್ಲದಿದ್ದರೂ ನಂಬರು ಅದೇ. ಸಂದೇಶದಲ್ಲಿ ‘ಅಥವಾ’ ನುಸುಳಿದ್ದು ಹಾಗೆ.

ನನ್ನ ತಕರಾರು ಮುಖ್ಯವಾಗಿ ‘ಕಾಣೆ’ಯ ಮೇಲೆ. ಮೊದಲು ಇದ್ದು ಈಗ ಸಿಗದಿದ್ದರೆ ತಾನೇ ಕಾಣೆ? ಪೊಲೀಸ್ ಠಾಣೆಯ ‘ಕಾಣೆಯಾಗಿದ್ದಾರೆ’ ಪ್ರಕಟಣೆಯನ್ನು ಹುಟ್ಟದವರ ಬಗ್ಗೆ ಯಾರೂ ಹಾಕಿಸುವುದಿಲ್ಲ. ಈ ಫೋಲ್ಡರ್ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ‘ಇಲ್ಲ’ ಸಾಕು. ‘ಸಿಗಲಿಲ್ಲ’ ಅಂದರೂ ನಡೆದೀತು, ಆದರೆ ಓದಿದವರು ಹುಡುಕಲು ಹೊರಟುಬಿಡುತ್ತಾರೆ.

‘ಉಳಿಸಲಾಗಿಲ್ಲ’ ಕೂಡ ಸರಿಯಿಲ್ಲ. ಅದು ‘ಉಳಿಸಲಾಗಿದೆ’ಗೆ ಎದುರು ಮಾತು, ಇನ್ನೂ ಉಳಿಸಿಲ್ಲ ಎಂಬ ಸುದ್ದಿ, ಅಷ್ಟೆ. ಪ್ರಯತ್ನಪಟ್ಟೂ ಆಗಲಿಲ್ಲ ಎನ್ನಲು ‘ಉಳಿಸಲಾಗಲಿಲ್ಲ’ ಬೇಕು. ‘ಗಿ’ ಹೋಗಿ ‘ಗಲಿ’ ಬಂದದ್ದು ಸ್ಕ್ರೀನಿನ ಮೇಲೆ ಎಷ್ಟು ಜನರ ಕಣ್ಣಿಗೆ ಬಿದ್ದೀತು? ಬಿಡಿಸಿ ‘ಉಳಿಸಲು ಆಗಲಿಲ್ಲ’ ಎಂದು ಬರೆಯುವುದೇ ವಾಸಿ.

‘ಕಡತ’ದ ಮೇಲೆ ನನಗೆ ಪ್ರೀತಿ ಇದೆ. ಹಿಂದಿನ ಕಾಲದಲ್ಲಿ ಕಡತ ಎಂದರೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆ. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಬಳಪದಲ್ಲಿ ಬರೆಯುವುದು, ಬೇಕಾದಾಗ ಅಳಿಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲೇ ಇವೆ. ಮತ್ತೆ ಮತ್ತೆ ಬದಲಾಗುವ ಸೆಟ್ಟಿಂಗ್ಸ್ ಫೈಲಿಗೆ ಒಳ್ಳೇ ಹೆಸರೇ! ಆದರೆ ಇವತ್ತು ಸರ್ಕಾರಿ ಕಚೇರಿಯಲ್ಲಿ ಕಡತ ಎಂದರೆ ರಟ್ಟಿನ ನಡುವೆ ದಾರ ಕಟ್ಟಿದ ಕಾಗದದ ಕಟ್ಟು. ಅಂದರೆ ಹೆಚ್ಚುಕಡಿಮೆ ಫೋಲ್ಡರೇ. ‘ಕಡತಕೋಶ’ವನ್ನಂತೂ ಅನುವಾದದ ಹೊರಗೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಫೈಲು, ಫೋಲ್ಡರ್ ಎಂದೇ ಇಡುತ್ತಿದ್ದೇನೆ.

ಪ್ರೋಗ್ರಾಮನ್ನೂ ಸರಿಮಾಡುತ್ತಿದ್ದಾರೆ. ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನ್‌ನಲ್ಲಿ ಫೋಲ್ಡರ್ ಮಾಡುವ ‘ಮೇಕ್‌ಡರ್ಸ್’ ಎಂಬ ಆದೇಶ ಕರೆದು, ‘ಎಕ್ಸಿಸ್ಟ್ ಓಕೆ’ಗೆ ‘ಟ್ರೂ’ ಕೊಟ್ಟರಾಯಿತು. ಬೇಕಾದ ಫೋಲ್ಡರುಗಳನ್ನೆಲ್ಲ ಮೇಲಿನಿಂದ ಮಾಡಿಕೊಂಡು ಬರುತ್ತದೆ, ಆಗಲೇ ಇದ್ದರೆ ಗಲಾಟೆ ಮಾಡುವುದಿಲ್ಲ. ಆಮೇಲೆ ಈ ಎರರ್ ಕಾಣಿಸುವುದು ಫೋಲ್ಡರ್ ಮಾಡಲೂ ಆಗದಿದ್ದಾಗ ಮಾತ್ರ. ಆಗಿನ ಸಂದೇಶದಲ್ಲಿ ಫೋಲ್ಡರ್ ಮಾಡುವುದಕ್ಕೆ ‘ಸೃಷ್ಟಿಸು’ ಎಂದರೆ ಜಾಸ್ತಿಯಾಯಿತು, ಅದು ಬ್ರಹ್ಮನ ಕೆಲಸ. ಬ್ಯಾಂಕಿನಲ್ಲಿ ಹೊಸ ಖಾತೆ ‘ತೆರೆಯುತ್ತೇವೆ’, ನಿಜ. ಆದರೆ ಕಂಪ್ಯೂಟರಿನಲ್ಲಿ ‘ತೆರೆ’ ಎಂದರೆ ಇರುವುದನ್ನು ತೆರೆಯುವುದು. ಸುಮ್ನೆ ‘ಮಾಡು’ ಎಂದಿದ್ದೇನೆ:

“ಸೆಟ್ಟಿಂಗ್ಸ್ ಉಳಿಸಲು ಆಗಲಿಲ್ಲ. ಅದಕ್ಕೆ ಬೇಕಾದ ಫೋಲ್ಡರ್ ಇಲ್ಲ. ಹೊಸದಾಗಿ ಮಾಡಲು ಅನುಮತಿಯೂ ಇಲ್ಲ.”

ಕೊನೆಯ ವಾಕ್ಯ ಒಪ್ಪಿಗೆಯಾಗುತ್ತಿಲ್ಲ. ‘ಅನುಮತಿ ಇಲ್ಲ’ ಎಂದರೆ ಬಾಗಿಲಲ್ಲೇ ತಡೆದು ಗದರಿಸಿದ ಹಾಗಿದೆ. ಆ ಜಾಗದಲ್ಲಿ ಪ್ರೋಗ್ರಾಮಿಗೆ ಬರೆಯಲು ಬಿಡುತ್ತಿಲ್ಲ ಎಂಬುದನ್ನು ಬಳಸುವವರ ಮೇಲೆ ಹಾಕದೆ ಹೇಳುವುದು ಹೇಗೆ? ಬಲ್ಲವರು ತಿಳಿಸಿ.