ಕೊಕೊಪೀಟ್ ಬ್ಯಾಗಿನ ಡಬ್ಬು ಮೆಣಸಿನಕಾಯಿ: ಹಳೇ ಎಲಿ ಹಳದಿ, ಕಾಯಿ ತಳ ಕಪ್ಪು, ಏನ್ ಕೊರತಿರೀ?

ಶಿಗ್ಗಾಂವಿ_ಪಾಲಿಹೌಸ್

ನಮಸ್ಕಾರ್ರಿ ಎಲ್ಲಾರಿಗೂ. 10 ಗುಂಟೆ ಪಾಲಿಹೌಸ್, ಕೆಂಪು ಮತ್ತ ಹಳದಿ ಡಬ್ಬು ಮೆಣಸಿನಕಾಯಿ. ಒಂದು ಮೀಟರ್ ಉದ್ದದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬ್ಯಾಗ್, ಬ್ಯಾಗಿಗೆ 3 ಗಿಡ, ನಾಟಿ ಆಗಿ 70 ದಿನ.

ಕೆಳಗಿನ ಹಳೇ ಎಲಿಯೊಳಗ ನರ ಹಸಿರs ಅದಾವು, ನರದ ನಡಕಿನ ಜಾಗ ಹಳದಿ ಆಗೈತಿ. ತುದಿ ಸುಟ್ಟಂಗ ಕಂದಾಗೈತಿ. ಹತ್ತು ಕಾಯಿಗೆ ಎರಡು-ಮೂರು ಕಾಯಿ ತಳದಾಗ ತೊಗಲಿನ ಬಣ್ಣದ ಮಚ್ಚಿ ಬಿದ್ದು ಆಮ್ಯಾಲ ಕಪ್ಪಾಗತಾವು. ಮಧ್ಯಾಹ್ನ ಒಂದು ಗಂಟೆಕ್ಕ ಗಿಡ ಬಾಡತಾವು, ಆದ್ರ ಬ್ಯಾಗ್ ಹಿಚುಕಿದ್ರ ನೀರು ಜಿನಗತೈತಿ.

ದಿನಾ 19:19:19 ಗೊಬ್ಬರ (ಅಂಕಿ ಸಾಲಾಗಿ ಸಾರಜನಕ, ರಂಜಕ, ಪೊಟ್ಯಾಶಿನ ಶೇಕಡಾ), ವಾರಕ್ಕ ಎರಡು ಸಲ 0:0:50, ವಾರಕ್ಕೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಕೊಡಾಕತ್ತೈತಿ. ಡ್ರಿಪ್ಪರ್ ತಾಸಿಗೆ 2 ಲೀಟರಿಂದು. ಮುಂಜಾನೆ 7ಕ್ಕ ಅರ್ಧ ತಾಸು, ಸಂಜಿ 5ಕ್ಕ ಅರ್ಧ ತಾಸು. ಟ್ಯಾಂಕಿನ ಇಸಿ (ನೀರಾಗಿನ ಉಪ್ಪಿನ ಅಳತಿ) 1.6. ಅಂಗಡ್ಯಾಗ ಮೆಗ್ನೀಶಿಯಂ ಕೊರತಿ ಅಂತ ಸ್ಪ್ರೇ ಕೊಟ್ಟಾರ. ಹೊಡೀಲ್ಯೋ ಬ್ಯಾಡೋ?

ಧಾರವಾಡ_ಮಾಳಮಡ್ಡಿ

ಸ್ಪ್ರೇ ಡಬ್ಬಿ ಸದ್ಯಕ್ಕೆ ಪಕ್ಕಕ್ಕಿಡಿ. ಎಲೆ ನೋಡಿ ಕೊಕೊಪೀಟ್ ಬೆಳೆಯ ರೋಗ ಹೇಳುವುದು ಅರ್ಧ ಊಹೆ. ಟ್ಯಾಂಕಿನ ಇಸಿ ಒಂದೇ ಗೊತ್ತಿದ್ದರೆ ಉಪಯೋಗವಿಲ್ಲ, ಬೇರು ಕುಡಿಯುತ್ತಿರುವ ನೀರು ಟ್ಯಾಂಕಿನಲ್ಲಿಲ್ಲ.

ನಾಳೆ ಮುಂಜಾನೆ ಮೂರು ಕಡೆ ಅಳೆಯಿರಿ: ಬೋರಿನ ಬರೀ ನೀರು, ಡ್ರಿಪ್ಪರಿನಿಂದ ಬೀಳುವ ನೀರು, ಬ್ಯಾಗಿನಿಂದ ಸೋರುವ ನೀರು. ಮೂರರದ್ದೂ ಇಸಿ ಮತ್ತು ಪಿಎಚ್ (ಹುಳಿ-ಕ್ಷಾರದ ಅಳತೆ) ಬೇಕು. ಒಂದು ಬ್ಯಾಗಿನ ಕೆಳಗೆ ಟ್ರೇ ಇಟ್ಟು ದಿನವಿಡೀ ಸೋರಿದ್ದನ್ನು ಕೂಡಿಸಿ, ಅದೇ ಬ್ಯಾಗಿನ ಮೂರೂ ಡ್ರಿಪ್ಪರಿಗೆ ಎಷ್ಟು ಹೋಯಿತು ಎಂಬುದರ ಜೊತೆ ತಾಳೆ ನೋಡಿ. ಬೋರಿನ ನೀರಿನ ಲ್ಯಾಬ್ ರಿಪೋರ್ಟ್ ಇದ್ದರೆ ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಶಿಯಂ, ಸೋಡಿಯಂ ಅಂಕಿ ಹಾಕಿ. ಇಲ್ಲದಿದ್ದರೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ.

ಮೀಟರಿನ ವಿಷಯ: ಪಿಎಚ್ ಮೀಟರನ್ನು 4 ಮತ್ತು 7ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಹೊಂದಿಸಿಯೇ ಅಳೆಯಿರಿ. ಕೈಯಲ್ಲಿರುವುದು ಕರಗಿದ ಉಪ್ಪನ್ನು ಪಿಪಿಎಂನಲ್ಲಿ (ಲೀಟರಿಗೆ ಮಿಲಿಗ್ರಾಂ) ತೋರಿಸುವ ಟಿಡಿಎಸ್ ಪೆನ್ನಾಗಿದ್ದರೆ ಅದರ ಅಂಕಿ ನಂಬಬೇಡಿ. ಕೆಲವು ಕಂಪನಿಯವರು ಇಸಿಯನ್ನು 500ರಿಂದ ಗುಣಿಸುತ್ತಾರೆ, ಕೆಲವರು 700ರಿಂದ. ಒಂದರಲ್ಲಿ 1000 ಪಿಪಿಎಂ ಅಂದರೆ ಇಸಿ 2.0, ಇನ್ನೊಂದರಲ್ಲಿ 1.4.

ಇನ್ನೊಂದು, 19:19:19ರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು. ಯೂರಿಯಾ ನೀರಿನಲ್ಲಿ ಅಯಾನು (ವಿದ್ಯುತ್ ಹರಿಸುವ ಕಣ) ಆಗುವುದಿಲ್ಲ, ಹಾಗಾಗಿ ಇಸಿ ಮೀಟರಿಗೆ ಅದು ಕಾಣುವುದೇ ಇಲ್ಲ. ನಿಮ್ಮ 1.6 ನೀವು ಅಂದುಕೊಂಡ 1.6 ಅಲ್ಲ.

ಶಿಗ್ಗಾಂವಿ_ಪಾಲಿಹೌಸ್

ಅಳದೈತ್ರಿ ಸರ. ಬೋರ್: ಇಸಿ 0.9, ಪಿಎಚ್ 7.8. ಡ್ರಿಪ್ಪರ್: 1.6, 7.3. ಸೋರಿದ ನೀರು: ಇಸಿ 4.3, ಪಿಎಚ್ 7.4. ಬ್ಯಾಗಿಗೆ ದಿನಕ್ಕ 6 ಲೀಟರ್ ಹೋದ್ರ ಟ್ರೇದಾಗ ಅರ್ಧ ಲೀಟರೂ ಇಲ್ಲ. ರಿಪೋರ್ಟಿನೊಳಗ ಲೀಟರಿಗೆ ಬೈಕಾರ್ಬೊನೇಟ್ 366 ಮಿಲಿಗ್ರಾಂ, ಕ್ಯಾಲ್ಸಿಯಂ 60, ಮೆಗ್ನೀಶಿಯಂ 30, ಸೋಡಿಯಂ 70. ಬ್ಯಾಗ್ ತೊಳದು ಬಂದಾವ ಅಂತ ಹೇಳಿದ್ರು, ಕ್ಯಾಲ್ಸಿಯಂ ನೀರಾಗ ನೆನಸಿಲ್ಲ.

ಧಾರವಾಡ_ಮಾಳಮಡ್ಡಿ

4.3 ನೋಡಿದ ಮೇಲೆ ಉಳಿದದ್ದೆಲ್ಲ ಸಾಲಾಗಿ ಕೂಡುತ್ತದೆ.

ಸೋರುವ ನೀರಿನ ಇಸಿ ಕೊಡುವ ನೀರಿಗಿಂತ ಹೆಚ್ಚೆಂದರೆ 1 ಜಾಸ್ತಿ ಇರಬಹುದು. ನಿಮ್ಮದು 2.7 ಜಾಸ್ತಿ. ಶೇ. 20ರಿಂದ 30ರಷ್ಟು ನೀರು ಹೊರಗೆ ಹೋಗಬೇಕಾದಲ್ಲಿ ಶೇ. 8 ಹೋಗುತ್ತಿದೆ. ಗಿಡ ನೀರು ಕುಡಿದು ಉಪ್ಪು ಬಿಡುತ್ತದೆ, ಆ ಉಪ್ಪು ಬ್ಯಾಗಿನಲ್ಲೇ ಕೂತಿದೆ. ಅದಕ್ಕೇ ಬ್ಯಾಗು ಹಸಿ ಇದ್ದರೂ ಮಧ್ಯಾಹ್ನ ಗಿಡ ಬಾಡುವುದು, ಉಪ್ಪುನೀರಿನಿಂದ ಬೇರು ನೀರೆಳೆಯಲಾರದು. ತುದಿ ಸುಟ್ಟದ್ದೂ ಅದೇ.

ಹಳೆ ಎಲೆಯ ಹಳದಿ ಮೆಗ್ನೀಶಿಯಂ ಕೊರತೆಯ ಲಕ್ಷಣ ಹೌದು, ಅಂಗಡಿಯವರು ತಪ್ಪು ಹೇಳಿಲ್ಲ. ಆದರೆ ನಿಮ್ಮ ಬೋರಿನಲ್ಲೇ 30 ಮಿಲಿಗ್ರಾಂ ಇದೆ. ಇದ್ದೂ ಸಿಗುತ್ತಿಲ್ಲ, ಯಾಕೆಂದರೆ ಪೊಟ್ಯಾಶ್ ವಿಪರೀತ. ತೆಂಗಿನ ನಾರಿನಲ್ಲಿ ಹುಟ್ಟಿನಿಂದಲೇ ಪೊಟ್ಯಾಶಿಯಂ, ಸೋಡಿಯಂ ಅಂಟಿಕೊಂಡಿರುತ್ತವೆ. ಬರೀ ನೀರಲ್ಲಿ ತೊಳೆದರೆ ತೇಲಾಡುವ ಉಪ್ಪು ಹೋಗುತ್ತದೆ, ಅಂಟಿದ್ದು ಹೋಗುವುದಿಲ್ಲ. ಅದನ್ನು ಕೀಳಲು ಕ್ಯಾಲ್ಸಿಯಂ ಬೇಕು: ನಾಟಿಗೆ ಮೊದಲು ಲೀಟರಿಗೆ 4-5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಆಮೇಲೆ ತೊಳೆಯಬೇಕಿತ್ತು. ಅದಾಗಿಲ್ಲ, ಹಾಗಾಗಿ ವಾರಕ್ಕೊಮ್ಮೆ ನೀವು ಕೊಟ್ಟ ಕ್ಯಾಲ್ಸಿಯಂ ನಾರು ಹಿಡಿದುಕೊಂಡು ಬದಲಿಗೆ ಪೊಟ್ಯಾಶ್ ಬಿಟ್ಟಿದೆ. ಅದರ ಮೇಲೆ ನೀವು 0:0:50 ಸುರಿದಿದ್ದೀರಿ.

ಕಾಯಿ ತಳ ಕಪ್ಪಾಗುವುದು ಕಾಯಿಗೆ ಕ್ಯಾಲ್ಸಿಯಂ ಮುಟ್ಟದ್ದರಿಂದ. ಕ್ಯಾಲ್ಸಿಯಂ ನೀರಿನ ಜೊತೆ ಮೇಲೇರುತ್ತದೆ, ಎಲೆಯಿಂದ ಕಾಯಿಗೆ ಇಳಿಯುವುದಿಲ್ಲ. ಎಲೆ ಮೇಲೆ ಹೊಡೆದ ಸ್ಪ್ರೇ ಕಾಯಿಗೆ ಹೋಗುತ್ತದೆಂದು ತಿಳಿಯಬೇಡಿ.

ಹುಬ್ಬಳ್ಳಿ_ಗಿಡಬುಟ್ಟಿ

ಇಷ್ಟ್ಯಾಕ ತಲಿ ಕೆಡಸ್ಕೋತೀರಿ? ಬರೇ ನೀರು ಒಂದಿಡೀ ದಿನ ಬಿಟ್ಟು ತೊಳದು ಬಿಡ್ರಿ, ಉಪ್ಪು ಹೋಗತೈತಿ.

ನರಗುಂದ_ಎರಿಹೊಲ

ಬ್ಯಾಡ್ರಿಯಪ್ಪಾ. ಮಣ್ಣಾಗಿದ್ರ ಬ್ಯಾರೇ ಮಾತು. ಕೊಕೊಪೀಟಿನ್ಯಾಗ ಈ ಬೋರಿನ ಬರೇ ನೀರು ಬಿಟ್ರ ಪಿಎಚ್ 7.8ರ ನೀರಿನ್ಯಾಗ ಸೋಡಿಯಂ ಹೊಕ್ಕೊಂಡು ಕುಂದರತೈತಿ, ಪೊಟ್ಯಾಶ್ ಹಂಗs ಉಳೀತೈತಿ. ಇಡೀ ದಿನ ನೀರು ನಿಂತ್ರ ಬೇರಿಗೆ ಗಾಳಿ ಇಲ್ಲ.

ತೊಳಿಯೂದು ಹಿಂಗ: 1000 ಲೀಟರ್ ನೀರಿಗೆ ಮೊದಲ ಆಸಿಡ್ ಹಾಕಿ ಪಿಎಚ್ 5.8ಕ್ಕ ತರ್ರಿ. ಆಮ್ಯಾಲ ಕ್ಯಾಲ್ಸಿಯಂ ನೈಟ್ರೇಟ್ 300 ಗ್ರಾಂ, ಮೆಗ್ನೀಶಿಯಂ ಸಲ್ಫೇಟ್ 100 ಗ್ರಾಂ. ಬ್ಯಾರೆ ಬ್ಯಾರೆ ಬಕೀಟಿನ್ಯಾಗ ಕರಗಿಸಿ ಟ್ಯಾಂಕಿಗೆ ಸುರವ್ರಿ, ಇಷ್ಟು ತೆಳುವಾದ ನೀರಾಗ ಎರಡೂ ಕೂಡಿದ್ರ ಒಡ್ಯಂಗಿಲ್ಲ. ಇಸಿ ಸುಮಾರು 1.4 ಬರತೈತಿ. ಬಿಸಲಿದ್ದ ದಿನ ಹೊತ್ತು ಹುಟ್ಟಿದ ಮ್ಯಾಲ ಚಾಲೂ ಮಾಡಿ, 6 ನಿಮಿಷ ಬಿಡೂದು, 20 ನಿಮಿಷ ನಿಲ್ಲಸೂದು. ಸೋರೂ ನೀರಿನ ಇಸಿ 2.8ರ ಕೆಳಗ ಬಂದ ಕೂಡ್ಲೆ ನಿಲ್ಲಸ್ರಿ. ಗಿಡಕ್ಕ 3-4 ಲೀಟರ್ ಹಿಡೀತೈತಿ. ಒಂದು ದಿನದಾಗ ಆಗಲಿಲ್ಲಂದ್ರ ನಾಳೆ ಮತ್ತ, ಸಂಜಿಮುಂದ ಮಾತ್ರ ಮಾಡಬ್ಯಾಡ್ರಿ.

ಈಗ ಆಸಿಡ್ ಲೆಕ್ಕ. ನಮ್ಮ ನರಗುಂದ, ರೋಣದ ಕಡೆ ಬೋರ್ ಇರೂ ಎಲ್ಲಾರಿಗೂ ಇದು ಬೇಕು. 61 ಮಿಲಿಗ್ರಾಂ ಬೈಕಾರ್ಬೊನೇಟ್ ಅಂದ್ರ ಒಂದು ಮಿಲಿ ಇಕ್ವಿವಲೆಂಟ್ (ಎಷ್ಟಕ್ಕ ಎಷ್ಟು ಆಸಿಡ್ ಅಂತ ಹೇಳೂ ಅಳತಿ). ನಿಮ್ಮ 366 ಅಂದ್ರ 6. ಒಂದು ಉಳಿಸಿ 5 ಕೊಲ್ಲಬೇಕು. ಎಲ್ಲಾ ಫಾಸ್ಫಾರಿಕ್‌ಲೆ ಮಾಡಿದ್ರ ರಂಜಕ 155 ಪಿಪಿಎಂ ಆಗತೈತಿ, ಬೇಕಾಗಿದ್ದು 45-50. ಅದಕ್ಕ 1000 ಲೀಟರಿಗೆ ಫಾಸ್ಫಾರಿಕ್ ಶೇ. 85ರದ್ದು 68 ಮಿಲಿ, ಉಳದದ್ದಕ್ಕ ನೈಟ್ರಿಕ್ ಶೇ. 60ರದ್ದು 300 ಮಿಲಿ. ನೈಟ್ರಿಕ್‌ನಿಂದ 56 ಪಿಪಿಎಂ ಸಾರಜನಕ ಬರತೈತಿ, ಅದನ್ನೂ ಗೊಬ್ಬರದ ಲೆಕ್ಕಕ್ಕ ಹಿಡೀರಿ.

ಕ್ಯಾನಿನ ಮ್ಯಾಲ ಬರದ ಶೇಕಡಾ ನಂಬಿ ನೇರ ಟ್ಯಾಂಕಿಗೆ ಹಾಕಬ್ಯಾಡ್ರಿ. 20 ಲೀಟರ್ ಬಕೀಟಿಗೆ ಫಾಸ್ಫಾರಿಕ್ 1.4 ಮಿಲಿ ಹಾಕಿ, ಸಿರಿಂಜಿನಿಂದ ನೈಟ್ರಿಕ್ ಒಂದೊಂದು ಮಿಲಿ ಹಾಕ್ಕೋತ ಹೋಗ್ರಿ. ಗುಳ್ಳಿ ಏಳತಾವು, 15 ನಿಮಿಷ ಬಿಟ್ಟು ಪಿಎಚ್ ನೋಡ್ರಿ. 6 ಮಿಲಿ ಹತ್ರ 5.8 ಬರಬೇಕು. ಎಷ್ಟು ಹಿಡೀತು ಅದನ್ನ 50ರಿಂದ ಗುಣಿಸ್ರಿ. ಆಸಿಡ್ ನೀರಿಗೆ ಹಾಕಬೇಕು, ನೀರು ಆಸಿಡ್‌ಗೆ ಅಲ್ಲ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಮಗ್. ಜಿಐ (ಸತುವಿನ ಲೇಪದ ಕಬ್ಬಿಣ) ಫಿಟಿಂಗ್ ಇದ್ರ ಆಸಿಡ್ ತಿಂದು ಹಾಕತೈತಿ.

ಮಳಿ ನೀರು ಹಿಡಕೊಳ್ಳೂ ವ್ಯವಸ್ಥಾ ಇದ್ರ ಅರ್ಧ ಆಸಿಡ್ ಉಳೀತೈತಿ. 10 ಗುಂಟೆ ಛತ್ತಿನ ಮ್ಯಾಲ ಒಂದು ಮಿಲಿಮೀಟರ್ ಮಳಿ ಬಿದ್ರ ಸಾವಿರ ಲೀಟರ್. ಪ್ಲಾಸ್ಟಿಕ್ ಹಾಳಿ ಹಾಸಿದ ಕೃಷಿ ಹೊಂಡಕ್ಕ ಗಟಾರ ತಿರುವಿ, ಬೋರಿನ ನೀರಿನ ಜೊತಿ ಅರ್ಧಾ-ಅರ್ಧಾ ಬೆರಸ್ರಿ.

ಕುಂದಗೋಳ_ಡ್ರಿಪ್

ಇಷ್ಟೆಲ್ಲಾ ಮಾಡಿ ನೀರು ಬಿಡೂ ಪದ್ಧತಿ ಬದಲಿ ಮಾಡ್ಲಿಲ್ಲಂದ್ರ ತಿಂಗಳಿಗೆ ಮತ್ತ 4.3 ಬರತೈತಿ.

ಗಿಡಕ್ಕ ಸುಮಾರು 6 ಲೀಟರ್ ಕೊಕೊಪೀಟ್ ಐತಿ. ಅದಕ್ಕ ಒಮ್ಮೆಲೆ ಒಂದು ಲೀಟರ್ ಬಿಟ್ರ ನೀರು ದಾರಿ ಮಾಡ್ಕೊಂಡು ಹೋಗತೈತಿ, ಅಂಚಿನ ಉಪ್ಪು ಅಲ್ಲೇ ಉಳೀತೈತಿ. ಆಮ್ಯಾಲ ಬಿಸಲಿನ ಹತ್ತು ತಾಸು ಏನೂ ಇಲ್ಲ. ಸಂಜಿ 5ಕ್ಕ ಮತ್ತೊಂದು ಲೀಟರ್, ಆವಾಗ ಗಿಡ ಕುಡಿಯೂದs ನಿಲ್ಲಿಸಿರತೈತಿ, ರಾತ್ರಿಯಿಡೀ ಬೇರು ಕೆಸರಾಗ.

2 ಲೀಟರ್ ಡ್ರಿಪ್ಪರ್ 4 ನಿಮಿಷಕ್ಕ 130 ಮಿಲಿ ಕೊಡತೈತಿ. ಹೊತ್ತು ಹುಟ್ಟಿ ಒಂದೂವರಿ ತಾಸಿಗೆ ಮೊದಲನೇ ಪಾಳಿ. ಸೋರಿಕಿ ಕಾಣೂ ತನಕ 25-30 ನಿಮಿಷಕ್ಕೊಮ್ಮೆ, ಹತ್ತೂವರಿ ಹನ್ನೊಂದರೊಳಗ ಟ್ರೇದಾಗ ನೀರು ಕಾಣಬೇಕು. 11ರಿಂದ 3ರ ತನಕ ಬಿಸಲು ನೋಡಿ 30-40 ನಿಮಿಷಕ್ಕೊಮ್ಮೆ. ಹೊತ್ತು ಮುಳಗೂದಕ್ಕ ಎರಡೂವರಿ-ಮೂರು ತಾಸು ಮೊದಲ ಬಂದ್. ಬಿಸಲಿನ ದಿನ 13-14 ಪಾಳಿ ಆಗತಾವು. ಮ್ವಾಡ ಇದ್ರ 6-7 ಸಾಕು. ಮಳಿಗಾಲದಾಗ ಟೈಮರ್ ಮುಟ್ಟದs ಬಿಟ್ಟು ಬೇರು ಕೊಳಿಸಿಕೊಳ್ಳೋರು ಭಾಳ ಮಂದಿ.

ತ್ರೀಫೇಸ್ ಕರೆಂಟ್ ಪಾಳಿ ಮ್ಯಾಲ ಬರತೈತಿ, ನಿಜ. ಆ ಹೊತ್ತಿನ್ಯಾಗ ಬೋರಿನಿಂದ ಟ್ಯಾಂಕ್ ಅಷ್ಟ ತುಂಬ್ರಿ. ಡ್ರಿಪ್ ಲೈನಿಗೆ ಸಿಂಗಲ್ ಫೇಸ್ ಇಲ್ಲಾ ಸೋಲಾರ್ ಮ್ಯಾಲ ನಡಿಯೂ ಸಣ್ಣ ಪಂಪ್ ಬ್ಯಾರೇ ಕೂಡಸ್ರಿ. ಎತ್ತರದ ಟ್ಯಾಂಕಿನಿಂದ ಬಿಡ್ತೀನಿ ಅಂದ್ರ ಆಗಂಗಿಲ್ಲ. ಡ್ರಿಪ್ಪರಿಗೆ ಒಂದು ಬಾರ್ ಒತ್ತಡ ಬೇಕು, ಅಂದ್ರ 10 ಮೀಟರ್ ಎತ್ತರ.

ಲೈನಿನ ಮೊದಲ, ನಡು, ಕೊನಿ ಡ್ರಿಪ್ಪರಿಗೆ ಬಾಟ್ಲಿ ಹಚ್ಚಿ ಅರ್ಧ ತಾಸು ಅಳೀರಿ. ನೂರು ಮಿಲಿಗಿಂತ ಹೆಚ್ಚು ಫರಕ್ ಬಂದ್ರ ಸುಣ್ಣ ಕಟ್ಟೈತಿ ಅಂತ ಅರ್ಥ. ಇಷ್ಟು ಬೈಕಾರ್ಬೊನೇಟ್ ನೀರಿನ್ಯಾಗ ಕಟ್ಟದs ಇರಂಗಿಲ್ಲ. ಡ್ರಿಪ್ಪರ್ ಬ್ಯಾಗಿನಿಂದ ಎಲ್ಲಾ ಹೊರಗ ಕಿತ್ತಿಟ್ಟs ಆಸಿಡ್ ಫ್ಲಶ್ (ಪೈಪಿನ್ಯಾಗ ಆಸಿಡ್ ನೀರು ಬಿಟ್ಟು ಸುಣ್ಣ ಕರಗಿಸೂದು) ಮಾಡ್ರಿ, ಮರತ್ರ ಗಿಡ ಹೋಗತಾವು.

ಶಿಗ್ಗಾಂವಿ_ಪಾಲಿಹೌಸ್

ಕೊನಿ ಡ್ರಿಪ್ಪರ್ 720 ಮಿಲಿ ಬಂತ್ರಿ, ಮೊದಲಿಂದು 1000. ಇನ್ನ ಗೊಬ್ಬರ ಏನು, ಎಷ್ಟು ಹೇಳ್ರಿ. ಮ್ಯಾಲಿನ ಕುಡಿ ಎಲಿನೂ ಸ್ವಲ್ಪ ಮುದಡಿಕೊಂಡಾವು, ಅದೂ ಕ್ಯಾಲ್ಸಿಯಂ ಏನು?

ಧಾರವಾಡ_ಮಾಳಮಡ್ಡಿ

ನರಗುಂದದವರ ಆಸಿಡ್ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ. ಕಾಯಿ ಹಂತಕ್ಕೆ 1000 ಲೀಟರಿಗೆ: ಕ್ಯಾಲ್ಸಿಯಂ ನೈಟ್ರೇಟ್ 500 ಗ್ರಾಂ, 13:0:45 400 ಗ್ರಾಂ, 0:0:50 150 ಗ್ರಾಂ, 0:52:34 70 ಗ್ರಾಂ, ಮೆಗ್ನೀಶಿಯಂ ಸಲ್ಫೇಟ್ 200 ಗ್ರಾಂ, ಇಡಿಡಿಎಚ್‌ಎ ಕಬ್ಬಿಣ (ಗಿಡಕ್ಕೆ ಸಿಗುವಂತೆ ಕರಗಿ ಉಳಿಯುವ ರೂಪದ ಕಬ್ಬಿಣ) ಶೇ. 6ರದ್ದು 30 ಗ್ರಾಂ, ಶೇ. 20ರ ಬೋರಾನ್ ಒಂದೂವರೆ ಗ್ರಾಂ. ಸತು, ಮ್ಯಾಂಗನೀಸ್, ತಾಮ್ರಕ್ಕೆ ಕಬ್ಬಿಣ-ಬೋರಾನ್ ಇಲ್ಲದ ಮಿಶ್ರಣ ತೆಗೆದುಕೊಳ್ಳಿ. ಸಾರಜನಕ 185, ರಂಜಕ 47, ಪೊಟ್ಯಾಶಿಯಂ 230, ಕ್ಯಾಲ್ಸಿಯಂ 154, ಮೆಗ್ನೀಶಿಯಂ 49 ಪಿಪಿಎಂ ಆಗುತ್ತದೆ, ಇಸಿ 2.1ರ ಆಸುಪಾಸು. ತೊಳೆದ ಮೇಲೆ ಮೊದಲ ಹತ್ತು ದಿನ ಆ 150 ಗ್ರಾಂ 0:0:50 ಬಿಟ್ಟುಬಿಡಿ.

ಗಟ್ಟಿ ದ್ರಾವಣ ಮಾಡಿಟ್ಟುಕೊಳ್ಳುವುದಾದರೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಕಬ್ಬಿಣ ಒಂದು ಡ್ರಮ್ಮಿನಲ್ಲಿ, ಸಲ್ಫೇಟ್ ಹಾಗೂ ಫಾಸ್ಫೇಟ್ ಇನ್ನೊಂದರಲ್ಲಿ. ಕೂಡಿಸಿದರೆ ಜಿಪ್ಸಂ ಆಗಿ ತಳದಲ್ಲಿ ಬಿಳಿ ಕೆಸರು ಕೂರುತ್ತದೆ, ನಿಮ್ಮ 720 ಮಿಲಿ 400 ಆಗುತ್ತದೆ.

ಕುಡಿ ಎಲೆ ಮುದುಡಿದ್ದನ್ನು ಗೊಬ್ಬರದ ಖಾತೆಗೆ ಹಾಕಬೇಡಿ. ಅಂಚು ಮೇಲೆ ಮಡಚಿ ದೋಣಿಯಂತಿದ್ದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಕೆಳಗೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ಸ್ (ನುಸಿ). ಹೂ ಕಿತ್ತು ಬಿಳಿ ಹಾಳೆಯ ಮೇಲೆ ಕುಟ್ಟಿ ನೋಡಿ, ಥ್ರಿಪ್ಸ್ ಇದ್ದರೆ ಹರಿದಾಡುತ್ತವೆ. ಮೈಟ್ಸ್‌ಗೆ 10 ಪಟ್ಟಿನ ಭೂತಗನ್ನಡಿಯಿಂದ ಕುಡಿ ಎಲೆಯ ಹಿಂಬದಿ ನೋಡಬೇಕು.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದರ ಮೇಲಿನ ಎಲೆಗೆ ಹಳದಿ ಏರುತ್ತಿದೆಯೋ ಇಲ್ಲವೋ ಅಷ್ಟು ನೋಡಿ. ಮಚ್ಚೆ ಬಿದ್ದ ಕಾಯಿ ಇವತ್ತೇ ಕಿತ್ತು ಹಾಕಿ. ಇನ್ನು ಮುಂದೆ ಕಚ್ಚುವ ಕಾಯಿ ಮಚ್ಚೆಯಿಲ್ಲದೆ ಬಂದರೆ ನೀರು ಸರಿಹೋಗಿದೆ ಎಂದರ್ಥ, ಅದಕ್ಕೆ ಎರಡು-ಮೂರು ವಾರ ಬೇಕು.

ಶಿಗ್ಗಾಂವಿ_ಪಾಲಿಹೌಸ್

ಭಾಳ ಉಪಕಾರ ಆತ್ರಿ. 19:19:19 ಇನ್ನೂ ಮೂರು ಚೀಲ ಉಳದೈತಿ, ಅದನ್ನೇನ್ ಮಾಡೂದು?

ನರಗುಂದ_ಎರಿಹೊಲ

ಹೊರಗ ಹೊಲದಾಗ ಬ್ಯಾಡಗಿ ಮೆಣಸಿನಕಾಯಿ ಇದ್ರ ಅದಕ್ಕ ಡ್ರಿಪ್‌ನ್ಯಾಗ ಕೊಡ್ರಿ. ಮಣ್ಣಾಗ ಯೂರಿಯಾನ ನೈಟ್ರೇಟ್ ಮಾಡೂ ಜೀವಿ ಬೇಕಾದಷ್ಟು ಅದಾವು. ಚೀಲದ ಬಾಯಿ ಮಾತ್ರ ಬಿಗಿಯಾಗಿ ಕಟ್ಟಿಡ್ರಿ, ಮಳಿಗಾಲಕ್ಕ ಕಲ್ಲಾಗತೈತಿ.