ಕಾರ್ನ್‌ವಾಲ್: ಅಜ್ಜಿಯ ತಾತನ ಅಪ್ಪ 1841ಕ್ಕಿಂತ ಹಿಂದೆ ಸಿಗುತ್ತಲೇ ಇಲ್ಲ

ಗಣಿಮೊಮ್ಮಗ: ಮೂರು ಭಾನುವಾರ ಹಾಳಾಯ್ತು. ಅಜ್ಜಿಯ ತಾತ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕೆಜಿಎಫ್‌ಗೆ ಗಣಿ ಕೆಲಸಕ್ಕೆ ಬಂದವರು. ಅವರ ಮದುವೆ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ವಿಲಿಯಂ, ತಾಮ್ರದ ಗಣಿ ಕೆಲಸ. ಆ ವಿಲಿಯಂಗೆ 1841ರ ಜನಗಣತಿಯಲ್ಲಿ 25 ವರ್ಷ, 1851ರಲ್ಲಿ 39! ಹತ್ತು ವರ್ಷಕ್ಕೆ ಹದಿನಾಲ್ಕು ವಯಸ್ಸಾಗುತ್ತಾ? ಬ್ಯಾಪ್ಟಿಸಂ (ಚರ್ಚಿನ ದೀಕ್ಷಾಸ್ನಾನ) ದಾಖಲೆ ಕೂಡ ಎಲ್ಲೂ ಇಲ್ಲ.

ಹಳೇಕಡತ: 1841ರಲ್ಲಿ 15 ದಾಟಿದವರ ವಯಸ್ಸನ್ನು ಕೆಳಗಿನ ಐದಕ್ಕೆ ಇಳಿಸಿ ಬರೆಯಿರಿ ಅಂತಲೇ ಹೇಳಿದ್ದರು. 29 ಇದ್ದವರು 25 ಆಗುತ್ತಾರೆ. ಹುಟ್ಟಿದ್ದು 1811 ಅಥವಾ 1812. ಊರು ಯಾವುದು? ಮನೆತನದ ಹೆಸರು?

ಗಣಿಮೊಮ್ಮಗ: ಹೇಳಿರಲಿಲ್ವಾ? ಹಾಕಿಂಗ್. ಗ್ವೆನ್ನಪ್‌ನಲ್ಲಿ ಹುಟ್ಟಿದ್ದು ಅಂತ 1851ರಲ್ಲಿ ಇದೆ.

ಅಕ್ಷರಪ್ಪ: ಸ್ಪೆಲಿಂಗ್ ಸಮಸ್ಯೆ. ಹಾಕಿನ್, ಹಾಕೆನ್ ಅಂತ ಹುಡುಕಿ. ಬರೆದುಕೊಂಡ ಪಾದ್ರಿ ಕಿವಿಗೆ ಬಿದ್ದದ್ದನ್ನು ಗೀಚುತ್ತಿದ್ದ.

ಗಣಿಮೊಮ್ಮಗ: ಎರಡೂ ಆಯ್ತು ಸರ್. ಇಲ್ಲ.

ಅಕ್ಷರಪ್ಪ: ಹಾಗಾದರೆ ಹಕಾರ ಬಿಟ್ಟು ಹುಡುಕಿ. ನಮ್ಮ ಮೈಸೂರು ಕಡೆ ಹಾಲು ಆಲು ಆಗಲ್ವಾ, ಅಲ್ಲೂ ಹಾಗೇ.

ವಂಶವೃಕ್ಷ_4200: ಇಷ್ಟೆಲ್ಲ ಯಾಕೆ? ದುಡ್ಡು ಕಟ್ಟುವ ಸೈಟಿನಲ್ಲಿ ಯಾರೋ ಈ ಮನೆತನವನ್ನು 1690ರವರೆಗೆ ಒಯ್ದಿದ್ದಾರೆ. ಕಾಪಿ ಮಾಡಿ. ನನ್ನ ಮರದಲ್ಲಿ 4,200 ಜನ ಆಗಿದ್ದಾರೆ. ಎರಡು ಮಾನಿಟರ್, ಒಂದು ಪುಸ್ತಕದ ಸ್ಕ್ಯಾನರ್, ಹಾಲ್ ಗೋಡೆ ತುಂಬ ಪ್ರಿಂಟ್.

ಹಳೇಕಡತ: ನಾನೂ ಆ ಮರ ನೋಡಿದೆ. ಅದರಲ್ಲಿ ಒಬ್ಬ ತಾಯಿ ಮಗನಿಗಿಂತ ಎಂಟೇ ವರ್ಷ ದೊಡ್ಡವಳು. ನಿಮ್ಮ 4,200ರಲ್ಲಿ ಇಂಥವರು ಎಷ್ಟು?

ವಂಶವೃಕ್ಷ_4200: ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ.

ಗಣಿಮೊಮ್ಮಗ: ದಯವಿಟ್ಟು ನನ್ನ ವಿಷಯಕ್ಕೆ ಬನ್ನಿ. ಹಕಾರ ಬಿಟ್ಟರೂ ಇಲ್ಲ. ಮದುವೆ ಮಾತ್ರ 1834ರಲ್ಲಿ ಗ್ವೆನ್ನಪ್ ಚರ್ಚಿನಲ್ಲೇ ಆಗಿದೆ. ಅಜ್ಜಿಯ ಟ್ರಂಕಿನಲ್ಲಿ ಆ ಕಾಲದ್ದೇ ಒಂದು ಮೆಥಡಿಸ್ಟ್ ಹಾಡಿನ ಪುಸ್ತಕ ಇದೆ, ರಟ್ಟಿನ ಒಳಗಡೆ ಇಂಕಿನಲ್ಲಿ ವಿಲಿಯಂ ಹೆಸರು. ಬೇರೇನೂ ಸುಳಿವಿಲ್ಲ.

ಹಳೇಕಡತ: ಅಯ್ಯೋ ಮಾರಾಯ, ಇದನ್ನಲ್ವಾ ಮೊದಲು ಹೇಳಬೇಕಿದ್ದದ್ದು! ಗ್ವೆನ್ನಪ್ ಅಂದರೆ ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಮತ್ತೆ ಮತ್ತೆ ಬಂದು ಬಯಲಲ್ಲಿ ಉಪದೇಶ ಮಾಡಿದ ಜಾಗ. 1754ರಿಂದ 1837ರವರೆಗೆ ಕ್ವೇಕರ್ (ಇನ್ನೊಂದು ಕ್ರೈಸ್ತ ಪಂಥ), ಯಹೂದಿಗಳನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನಲ್ಲೇ ಮದುವೆ ಆಗಬೇಕಿತ್ತು. ಹಾಗಾಗಿ ಮದುವೆ ಅಲ್ಲಿದ್ದ ಮಾತ್ರಕ್ಕೆ ಬ್ಯಾಪ್ಟಿಸಂ ಅಲ್ಲಿರಬೇಕು ಅಂತೇನಿಲ್ಲ. ಮೆಥಡಿಸ್ಟರಂಥವರ ಚಾಪೆಲ್‌ಗಳ (ಪ್ರಾರ್ಥನಾ ಮಂದಿರಗಳ) ದಾಖಲೆ ಪುಸ್ತಕಗಳನ್ನು 1837ರ ನಂತರ ಸರ್ಕಾರ ತರಿಸಿಕೊಂಡಿತು. ಈಗ ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆರ್‌ಜಿ 4 ಅನ್ನೋ ಸರಣಿಯಲ್ಲಿವೆ, ಸ್ಕ್ಯಾನ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಪಕ್ಕದ ರೆಡ್ರೂತ್‌ನ ವೆಸ್ಲಿಯನ್ (ವೆಸ್ಲಿಯ ಮೆಥಡಿಸ್ಟರ) ಪುಸ್ತಕದಿಂದ ಶುರುಮಾಡಿ.

ಅಕ್ಷರಪ್ಪ: ಮೆಥಡಿಸ್ಟರೂ ಎಷ್ಟೋ ಜನ ಮಕ್ಕಳನ್ನು ಪ್ಯಾರಿಷ್ ಚರ್ಚಿಗೇ (ಊರಿನ ಆಂಗ್ಲಿಕನ್ ಚರ್ಚಿಗೇ) ಬ್ಯಾಪ್ಟಿಸಂಗೆ ಒಯ್ಯುತ್ತಿದ್ದರು. ಇದು ಸ್ಪೆಲಿಂಗೇ.

ಗಣಿಮೊಮ್ಮಗ: ಸಿಕ್ಕಿತು! ಆದರೆ ಇಬ್ಬರು ಸಿಕ್ಕಿದ್ದಾರೆ. ಇಬ್ಬರೂ ವಿಲಿಯಂ ಹಾಕಿಂಗ್, ಒಬ್ಬ 1811, ಇನ್ನೊಬ್ಬ 1812, ಅಪ್ಪ ಅಮ್ಮ ಬೇರೆ ಬೇರೆ. ಈಗ?

ಹಳೇಕಡತ: ಒಬ್ಬ ಕೂಸಿದ್ದಾಗಲೇ ತೀರಿಕೊಂಡಿರಬಹುದು. ಗ್ವೆನ್ನಪ್ ಚರ್ಚಿನ ಸಮಾಧಿ ಪುಸ್ತಕ ನೋಡಿ, 1813ರಿಂದ ವಯಸ್ಸು, ವಾಸದ ಊರು ಎರಡೂ ಬರೆದಿರುತ್ತಾರೆ. ಆಮೇಲೆ 1851ರ ಹಾಳೆಯಲ್ಲಿ ಆ ಮನೆಯಲ್ಲಿ ಮುದುಕರು ಯಾರಾದರೂ ಇದ್ದಾರಾ?

ಗಣಿಮೊಮ್ಮಗ: ಇದ್ದಾರೆ, ಒಬ್ಬ ವಿಧವೆ ಅತ್ತೆ. ಅದು ಮುಖ್ಯವಾ?

ಅಕ್ಷರಪ್ಪ: ಅವರ ಹೆಸರಿನ ಸ್ಪೆಲಿಂಗ್ ಏನಿದೆ?